ಅಟ್ಟದ ಮೇಲಿನ ತೊಟ್ಟಿಲು

ಹೊಸಪೇಟೆ
೨೧ ಫೆಬ್ರವರಿ ೨೦೦೭

ಚಿ. ಸೌ. ಹರಿಪ್ರಿಯಾಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಅಕ್ಷೋಭ್ಯ ಗೋಡೆ ಹಿಡಿದು ನಿಲ್ಲುತ್ತಾನೆ, ಅಜ್ಜಿಯ ಜಪಮಣಿ ಕಸಿಯುತ್ತಾನೆ ಎಂದು ನೀನು ಬರೆದದ್ದನ್ನು ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ಓದಿ ಹೇಳಿದರು, ಹಾಲಿನವನನ್ನೂ ಬಿಡಲಿಲ್ಲ. ಕೊನೆಯಲ್ಲಿ ಮತ್ತೆ ತೊಟ್ಟಿಲಿನ ಮಾತು ತೆಗೆದಿದ್ದೀಯ. ಅಟ್ಟದ ಮೇಲಿನ ಸಾಗವಾನಿ ತೊಟ್ಟಿಲು ಇಟ್ಟುಕೊಂಡು ಅಂಗಡಿಯದನ್ನು ಕೊಟ್ಟು ಕಳಿಸಿದೆನೆಂದು ಕಂಪ್ಲಿಯಲ್ಲಿ ನಿಮ್ಮತ್ತೆಯವರು ಆಡಿಕೊಂಡರಂತೆ. ಆಡಿಕೊಳ್ಳಲಿ. ನಾನೀಗ ಬರೆಯಲು ಕೂತದ್ದು ಅಕ್ಷೋಭ್ಯನ ಗೊಬ್ಬರದ ಚುಚ್ಚುಮದ್ದಿಗಾಗಿ, ನಮ್ಮ ಪುಸ್ತಕಗಳಲ್ಲಿ ದಡಾರ ಎನ್ನುತ್ತಾರಲ್ಲ, ಅದಕ್ಕೆ.

ಆಸ್ಪತ್ರೆಯ ಲೈಬ್ರರಿಯಲ್ಲಿ ಡಾಕ್ಟರುಗಳ ದಪ್ಪ ಪುಸ್ತಕಗಳಿಗೆ ನಂಬರು ಅಂಟಿಸುವ ನಾನು, ಊಟವಾದ ಮೇಲೆ ಬಾಣಂತಿಯರ ವಾರ್ಡಿಗೆ ಹೋಗಿ ಮಗುವಿಗೆ ಯಾವಾಗ ಯಾವ ಚುಚ್ಚುಮದ್ದು ಎಂದು ಓದಿ ಹೇಳುವುದು ನಿನಗೆ ಗೊತ್ತು. "ಪುಸ್ತಕದಮ್ಮ ಬಂದ್ರು ಪುರಾಣ ಹೇಳಾಕ" ಎಂದು ಆಯಾ ದುರ್ಗಕ್ಕ ನಗಿಸುತ್ತಿದ್ದಳು. ಹಾಗೆ ಕೇಳಿದವರಲ್ಲಿ ಭೀಮಮ್ಮ ಎಂಬ ಹುಡುಗಿ ಒಬ್ಬಳು. ಗಂಡ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಾನೆ. ಚೊಚ್ಚಲು ಹೆರಿಗೆ ಎಂದು ತವರೂರಾದ ಮೆಟ್ರಿಗೆ ಬಂದವಳು ನಮ್ಮ ಆಸ್ಪತ್ರೆಯಲ್ಲಿ ಹೆತ್ತಳು. ಮೊದಲ ಮೂರು ಸಲದ ಚುಚ್ಚುಮದ್ದು ತವರಿನಲ್ಲೇ ಆದವು. ಐದನೇ ತಿಂಗಳಿಗೆ ಮಡಿಲು ತುಂಬಿಸಿಕೊಂಡು ಮಗುವಿನೊಂದಿಗೆ ಗಂಡನ ಮನೆ ಸೇರಿದಳು.

ಮುಂದಿನದನ್ನು ಅಲ್ಲಿ ಹಾಕಿಸುತ್ತಾರೆ ಎಂದುಕೊಂಡರು ತವರಿನವರು. ಎಲ್ಲ ತವರಿನಲ್ಲೇ ಆಗಿದೆ ಎಂದುಕೊಂಡರು ಗಂಡನ ಮನೆಯವರು. ಮಗುವಿಗೆ ಗೊಬ್ಬರ ಎದ್ದಾಗ ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವು ಕಟ್ಟಿ ಮನೆಯಲ್ಲೇ ಇಟ್ಟುಕೊಂಡರು. ಮಗು ಏದುಸಿರು ಬಿಡತೊಡಗಿದ ಮೇಲೆ ಹೊರಟರೆ ದಾರಿಯುದ್ದಕ್ಕೂ ಲಾರಿಗಳ ಸಾಲು. ಇಲ್ಲಿಗೆ ತಲುಪಿದಾಗ ಡಾಕ್ಟರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹೆಣ್ಣುಮಗು, ಸ್ಫೂರ್ತಿ ಎಂದು ಹೆಸರಿಟ್ಟಿದ್ದರು.

ಕೆಲವು ದಿನ ಬಿಟ್ಟು ಭೀಮಮ್ಮ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದು ಕೂರಿಸಿದೆ.

"ಅವತ್ತು ಓದಿದ್ರಲ್ರೀ ಅಮ್ಮಾರ, ಅದನ್ನ ಇನ್ನೊಮ್ಮೆ ಓದ್ರಿ" ಎಂದಳು.

ಮೊದಲಿನಿಂದ ಓದಿದೆ. ಹುಟ್ಟಿದ ಕೂಡಲೇ ಹಾಕುವುದು, ಆಮೇಲಿನ ಮೂರು, ಎಲ್ಲಕ್ಕೂ ತಲೆಯಾಡಿಸಿದಳು. ಒಂಬತ್ತು ತಿಂಗಳು ತುಂಬಿದಾಗ ಗೊಬ್ಬರದ ಚುಚ್ಚುಮದ್ದು ಎಂದು ಓದುತ್ತಿದ್ದಂತೆ ಕೈ ಹಿಡಿದು ನಿಲ್ಲಿಸಿದಳು.

"ಒಂಬತ್ತಕ್ಕ ನಾ ತವರಾಗ ಇರ್ಲಿಲ್ರಿ."

ಅಷ್ಟೇ ಹೇಳಿದಳು. ಯಾರನ್ನೂ ಬೈಯಲಿಲ್ಲ, ಅಳಲೂ ಇಲ್ಲ. ಅತ್ತದ್ದು ನಾನು.

ಈಗ ನಾನು ಓದುವ ಮೊದಲು, ಒಂಬತ್ತು ತುಂಬುವಾಗ ಯಾವ ಮನೆಯಲ್ಲಿರುತ್ತೀಯಮ್ಮ ಎಂದು ಕೇಳುತ್ತೇನೆ. ಆ ಊರಿನ ಹೆಸರು ಬರೆದು, ಪುಸ್ತಕ ವಾಪಸು ಕೊಡಬೇಕಾದ ತಾರೀಖಿನ ಠಸ್ಸೆಯನ್ನೇ ಒಂಬತ್ತು ತುಂಬುವ ದಿನಕ್ಕೆ ತಿರುಗಿಸಿ ಮಗುವಿನ ಕಾರ್ಡಿನ ಮೇಲೆ ಒತ್ತುತ್ತೇನೆ. ದುರ್ಗಕ್ಕ ಈಗ ನಗುವುದಿಲ್ಲ, ಶಾಯಿಯ ಡಬ್ಬಿ ಹಿಡಿದು ಜೊತೆಗೆ ಬರುತ್ತಾಳೆ.

ಹೋಳಿ ಹುಣ್ಣಿಮೆ ಕಳೆದರೆ ಅಕ್ಷೋಭ್ಯನಿಗೆ ಒಂಬತ್ತು ತುಂಬುತ್ತದೆ. ಮೊನ್ನೆ ಫೋನಿನಲ್ಲಿ ನಿಮ್ಮತ್ತೆಯವರು, "ತವರುಮನಿಯೊಳಗ ಎಲ್ಲಾ ಆಗ್ಯಾವಲ್ರೀ, ಮತ್ಯಾಕ ಕೂಸಿಗೆ ಚುಚ್ಚಸೋದು?" ಎಂದರು. ನಾನು ಫೋನನ್ನು ನಿಮ್ಮಪ್ಪನ ಕೈಗೆ ಕೊಟ್ಟುಬಿಟ್ಟೆ. ಎಲ್ಲ ಆಗಿಲ್ಲ, ಹರಿ. ಇದೊಂದು ಉಳಿದಿದೆ. ಅವರು ಮುನಿಸಿಕೊಂಡರೂ ಸರಿ, ನೀನೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗು. ಅಳಿಯಂದಿರಿಗೂ ಈ ಕಾಗದ ತೋರಿಸು.

ಮೈ ಜೋಪಾನ. ಮಗುವಿಗೆ ರಾಯರ ರಕ್ಷೆ ಇರಲಿ.

ನಿನ್ನ ಅಮ್ಮ,
ಮಾಧವಿ

ತಾ.ಕ.: "ನನ್ನ ತೊಟ್ಟಿಲು ನನಗೇ ಕೊಡಲಿಲ್ಲ" ಎಂದು ಬರೆದಿದ್ದೀಯ. ಅದು ನಿನ್ನದಲ್ಲ ಕಂದಾ. ನಿನ್ನನ್ನು ನಾನು ಸೀರೆಯ ಜೋಲಿಯಲ್ಲೇ ತೂಗಿದ್ದು. ತೊಟ್ಟಿಲು ನಿನ್ನ ಅಣ್ಣನದು. ಪ್ರಭಂಜನ ಎಂದು ಹೆಸರು. ಅವನೂ ಗೋಡೆ ಹಿಡಿದು ನಿಲ್ಲುತ್ತಿದ್ದ. ಗೊಬ್ಬರ ಎದ್ದು ಹೋದ. ಆ ಕಾಲಕ್ಕೆ ಈ ಚುಚ್ಚುಮದ್ದು ನಮ್ಮ ಕಡೆ ಬಂದಿರಲೇ ಇಲ್ಲ. ಅಷ್ಟು ಚಿಕ್ಕವನಿಗೆ ಶ್ರಾದ್ಧವಿಲ್ಲ ಎಂದರು ಹಿರಿಯರು, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಅವನ ಹೆಸರು ಹೇಳಲು ಮನೆಯಲ್ಲಿ ಒಂದು ದಿನವಿಲ್ಲ. ನಿಮ್ಮಪ್ಪ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದವರು ಮತ್ತೆ ಆ ಕಡೆ ತಲೆಯೆತ್ತಿ ನೋಡಿಲ್ಲ. ಅಕ್ಷೋಭ್ಯನಿಗೆ ಚುಚ್ಚುಮದ್ದು ಹಾಕಿಸಿದ ದಿನವೇ ನನಗೆ ಎರಡು ಸಾಲು ಬರೆ. ತೊಟ್ಟಿಲು ಇಳಿಸಿ, ತೊಳೆದು ಕಳಿಸುತ್ತೇನೆ.