ಬಾವುಟ ಇಳಿಯುವಾಗ ನಿಲ್ಲಬೇಕು

ನವೆಂಬರ್ 7, ಮಂಗಳವಾರ. ಮಧ್ಯಾಹ್ನ

ಅತಿಥಿಯ ಕಾಲೆಂದರೆ ಮನೆಯೊಡತಿಯ ಕಾಲು. ಈ ಮಾತು ಮೊದಲು ಹೇಳಿದವರು ನನ್ನ ಮಾವ ಬೊಯೆಂಗಾ. ನದಿದಂಡೆಯಲ್ಲಿ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟ ವರ್ಷ. ಅವನು ಎಡವಿದರೆ ಉಗುರು ಹೋಗುವುದು ನಿನ್ನದು ಅಂದಿದ್ದರು. ನಕ್ಕಿದ್ದೆ.

ಇವತ್ತು ಮೂರನೇ ಕೋಣೆಗೆ ಜನ. ಹೆಸರು ಟೋರ್ಬೆನ್. ಡೆನ್ಮಾರ್ಕಿನವನು. ಕಪ್ಪೆಗಳ ದನಿ ರೆಕಾರ್ಡ್ ಮಾಡಲು ಇಷ್ಟು ದೂರ ಬಂದಿದ್ದಾನೆ. ಪಕ್ಕದ ಮನೆಯ ಬಾಲೆಕಾ, ಎಲೆಯಲ್ಲಿ ಸುತ್ತಿ ಬೇಯಿಸಿದ ಮರಗೆಣಸಿನ ಕ್ವಾಂಗಾ ಮಾರಲು ಬಂದವಳು, ಇಣುಕಿ ನೋಡಿದಳು.

"ಅವರೂರಲ್ಲಿ ಕಪ್ಪೆಗಳೆಲ್ಲಾ ಮೂಕವಾ ಅಕ್ಕಾ?"

ಹಾಸಿಗೆಗೆ ಬೇರೆ ಬಟ್ಟೆ ಹಾಸಿದೆ. ಬಕೆಟ್ ತುಂಬಿಸಿದೆ. ಎದುರಿನ ಸರ್ಕಾರಿ ಕಚೇರಿಗೆ ಕೊಡುವ ಫಾರಂ ತುಂಬಿದೆ. 'ಇರಿಸಿಕೊಂಡವರು' ಎಂಬಲ್ಲಿ ನನ್ನ ಸಹಿ. ಆಮೇಲೆ ಬಟ್ಟೆ ಒಣಹಾಕುತ್ತಾ ಪಾಠ ಶುರು ಮಾಡಿದೆ. ಹನ್ನೊಂದು ವರ್ಷದಿಂದ ಬಂದವರಿಗೆಲ್ಲ ಇದೇ ಪಾಠ. ಏನು ಬೇಕಾದರೂ ಕೇಳು, ಮೊದಲು ಮನೆಮಂದಿ ಕ್ಷೇಮವೇ ಅಂತ ಕೇಳು. ಎಡಗೈಯಲ್ಲಿ ಕೊಡಬೇಡ. ಕೊಟ್ಟ ನೀರು ಬೇಡವೆನ್ನಬೇಡ — ಕುಡಿಯದಿದ್ದರೂ ತುಟಿಗೆ ತಾಗಿಸು. ಸೇತುವೆ, ದೋಣಿಗಟ್ಟೆ, ಕಚೇರಿ, ಸಿಪಾಯಿ... ಫೋಟೋ ಇಲ್ಲ. ಪಾಸ್‌ಪೋರ್ಟಿನ ನಕಲು ಜೇಬಲ್ಲಿ, ಅಸಲು ನನ್ನ ಪೆಟ್ಟಿಗೆಯಲ್ಲಿ. ಮುದುಕರು ಕೂತಿದ್ದರೆ ಅವರೆದುರು ನಿಂತು ಮಾತಾಡಬೇಡ, ಬಗ್ಗು. ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಪಾಪ.

ಅಷ್ಟರಲ್ಲಿ ಫೋನು. ಮಗಳು ಎಯೆಂಗಾಳ ಅತ್ತೆ, ಮೇಲಿನ ಹಳ್ಳಿಯಿಂದ.

"ಬೀಗ್ತಿ, ಕಾಲು ಬಾತುಕೊಂಡಿದೆ. ದೋಣೀಲಿ ಕೂರಿಸ್ಬೇಡಿ ಅಂದ್ರು ನರ್ಸು. ಅವಳು ಅಲ್ಲಿಗೆ ಬರೋದು ಆಗಲ್ಲ. ನೀವೇ ಬನ್ನಿ. ರಾತ್ರಿಯೆಲ್ಲಾ ನಿಮ್ಮ ಹೆಸರೇ."

ಚೊಚ್ಚಲು ಹೆರಿಗೆ. ನಮ್ಮಲ್ಲಿ ಅದು ತಾಯಿಯ ಕೈಯಲ್ಲೇ ಆಗಬೇಕು. ಇನ್ನು ಹತ್ತು ದಿನ, ಕಡಿಮೆಯೂ ಇರಬಹುದು. ದಾರಿ ನೀರಿನದೊಂದೇ, ಮೂರು ದಿನ. ದೋಣಿಗಟ್ಟೆಗೆ ಓಡಿದೆ. ಕಪ್ತಾನ ಬೊಫೆಂದಾನ ದೋಣಿ ತುಂಬಿದೆ, ಶನಿವಾರ ಎಂಟಕ್ಕೆ ಹೊರಡುತ್ತದಂತೆ. ಅದು ತಪ್ಪಿದರೆ ಮುಂದಿನದು ಡಿಸೆಂಬರಿನಲ್ಲಿ. ಉಪ್ಪಿನ ಚೀಲಗಳ ಮೇಲೆ ಒಂದು ಜಾಗ ಹಿಡಿದೆ.

ನವೆಂಬರ್ 8, ಬುಧವಾರ. ಸಂಜೆ ಏಳು

ಆರಕ್ಕೆ ಕಚೇರಿ ಅಂಗಳದಲ್ಲಿ ಸೀಟಿ. ಬಾವುಟ ಇಳಿಸುವ ಹೊತ್ತು. ಬೀದಿ ಎಂದಿನಂತೆ ನಿಂತಿತು. ಬೈಕುಗಳು ಆಫ್. ಬಾಲೆಕಾ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಳು, ನಾನು ಒಂದು ಕೈಯಲ್ಲಿ ಪೊರಕೆ ಹಿಡಿದು.

ನಡೆಯುತ್ತಿದ್ದವನು ಒಬ್ಬನೇ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ಮೈಕು. ಬಾವುಟದ ಕಂಬದ ಬುಡದಲ್ಲಿ ಚರಂಡಿ, ಚರಂಡಿಯಲ್ಲಿ ಕಪ್ಪೆ. ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತಾ ಹೋದ. ಸಿಪಾಯಿ ಲೊಕ್ವಾ ಕಣ್ಣು ಕೆಕ್ಕರಿಸಿದ, ಅಷ್ಟೇ. ಬಾವುಟ ಮಡಚುವವರೆಗೆ ಅವನೂ ಬಾಯಿ ಬಿಡುವಂತಿಲ್ಲ. ಮಡಚಿ ಮುಗಿದದ್ದೇ ಹುಡುಗನ ಕತ್ತಿನ ಪಟ್ಟಿಗೆ ಕೈ ಹಾಕಿದ.

ನನಗೂ ಕರೆ ಬಂತು. ಕಚೇರಿಯ ಮುಖ್ಯಸ್ಥ ಮುಕೆಂಡಿ ಸಾಹೇಬರು ಫಾರಂ ಮುಂದಿಟ್ಟುಕೊಂಡು ಕೂತಿದ್ದರು.

"ಇದು ನಿಮ್ಮ ಸಹೀನೇ ತಾನೇ ಅಮ್ಮಾ? ಬಾವುಟದ ವಿಷಯ ಇವನಿಗೆ ಹೇಳಿದ್ರೋ ಇಲ್ವೋ?"

"ಹೇಳಿದ್ದೆ ಸಾಹೇಬ್ರೆ."

"ಹಾಗಾದ್ರೆ ಗೊತ್ತಿದ್ದೂ ಮಾಡಿದ್ದಾನೆ. ಅಂದ್ರೆ ಅವಮಾನ. ಪ್ರಾಂತ್ಯದ ದೊಡ್ಡೂರಿಗೆ ಕಳಿಸ್ತೀನಿ, ಅಲ್ಲಿ ಜೈಲಲ್ಲಿ ಕಪ್ಪೆ ಹುಡುಕ್ಲಿ." ಪೆನ್ನಿನ ಮುಚ್ಚಳ ತೆಗೆದರು. "ನೀವು ಹೇಳದೆ ಇದ್ದಿದ್ರೆ ತಪ್ಪು ನಿಮ್ಮದಾಗ್ತಿತ್ತು. ಅವನನ್ನ ಬಿಟ್ಟು ನಿಮ್ಮನ್ನ ಊರು ಬಿಡದ ಹಾಗೆ ಕೂರಿಸ್ಬೇಕಾಗ್ತಿತ್ತು. ಮೇಲಿಂದ ಉತ್ತರ ಬರೋವರೆಗೂ. ತಿಂಗಳೋ, ಎರಡೋ."

ನಮಸ್ಕಾರ ಹೇಳಿ ಎದ್ದೆ. ಮನೆಗೆ ಬಂದೆ. ಗಂಟು ಕಟ್ಟಿದ್ದೇನೆ. ಮೆತ್ತನೆಯ ಹಳೆ ಬಟ್ಟೆ, ತಾಳೆಣ್ಣೆ, ಹೊಗೆಯಲ್ಲಿ ಒಣಗಿಸಿದ ಮೀನು.

ಇಲ್ಲಿ ಬರೆಯುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ನಾನು ಹೇಳಿರಲಿಲ್ಲ. ಪಾಠದಲ್ಲಿ ಬಾವುಟ ಬರುವುದು ಎಲ್ಲದರ ಕೊನೆಗೆ. ಫೋನು ಬಂತು... ಅಲ್ಲಿಗೇ ನಿಂತುಹೋಯಿತು.

ನವೆಂಬರ್ 10, ಶುಕ್ರವಾರ. ಮಧ್ಯಾಹ್ನ ಮೂರು

ನಿನ್ನೆ ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು. ಗಂಟು ಬಿಚ್ಚಿದೆ, ಮತ್ತೆ ಕಟ್ಟಿದೆ.

ಇವತ್ತು ಲಾಕಪ್ಪಿಗೆ ಊಟ ಒಯ್ದೆ. ಕ್ವಾಂಗಾ, ಸೊಪ್ಪು. ನಾನು ಹೋಗುತ್ತಲೇ ಹುಡುಗ ಎದ್ದು, ಬಗ್ಗಿ, ಮನೆಮಂದಿ ಕ್ಷೇಮವೇ ಅಂದ. ಬಲಗೈಯಲ್ಲಿ ತಟ್ಟೆ ತೆಗೆದುಕೊಂಡ. ಆಮೇಲೆ ತನ್ನ ಮುರುಕು ಭಾಷೆಯಲ್ಲಿ —

"ಅಮ್ಮಾ, ನೀವು ಹೇಳಿದ್ರಿ, ನಾನು ಸರಿಯಾಗಿ ಕೇಳಿಲ್ಲ. ಪುಸ್ತಕದಲ್ಲಿ ಹುಡುಕಿದೆ, ಇಲ್ಲ. ಬರ್ಕೊಳ್ಳೋದು ಮರ್ತಿದ್ದೀನಿ. ನಿಮಗೆ ತೊಂದ್ರೆ ಕೊಟ್ಟೆ. ತಪ್ಪಾಯ್ತು."

ನನ್ನ ಸುಳ್ಳನ್ನು ಇವನು ನಂಬಿಬಿಟ್ಟಿದ್ದಾನೆ. ತಟ್ಟೆ ಅವನ ಕೈಯಲ್ಲಿ ಬಿಟ್ಟು ಸೀದಾ ಸಾಹೇಬರ ಕೋಣೆಗೆ ಹೋದೆ. ಬೆಂಚಿನ ಮೇಲೆ, ನೆಲದ ಮೇಲೆ ಸಂತೆ ಹೆಂಗಸರು ಹತ್ತು ಹದಿನೈದು ಜನ, ಸುಂಕದ ಚೀಟಿಗಾಗಿ ಕಾಯುತ್ತಿದ್ದರು. ಬಾಲೆಕಾಳೂ ಇದ್ದಳು. ಎಲ್ಲರೆದುರೇ ಹೇಳಿದೆ. ಮಂಗಳವಾರದಿಂದ ಶುರುಮಾಡಿ — ಬಟ್ಟೆ ಒಣಹಾಕಿದ್ದು, ಬೀಗ್ತಿಯ ಫೋನು, ಮಗಳ ಕಾಲು, ಉಪ್ಪಿನ ಚೀಲದ ಮೇಲಿನ ಜಾಗ, ನಾನಾಡಿದ ಸುಳ್ಳು. ಕಪ್ಪೆಯ ಮಾತು ಬಂದಾಗ ನಕ್ಕವರು ಮಗಳ ಮಾತು ಬಂದಾಗ ಹತ್ತಿರ ಸರಿದು ಬಂದರು.

"ಮೊನ್ನೆ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ರಾ?" ಅಂದರು ಮುಕೆಂಡಿ.

"ಹೇಳಿದೆ. ನಿಮ್ಮ ಹೆಂಡ್ತಿಗೆ ಚೊಚ್ಚಲು ಹೆರಿಗೆ ಆದಾಗ ಅವರಮ್ಮ ಎಲ್ಲಿದ್ರು ಸಾಹೇಬ್ರೆ?"

ಯಾರೋ ಹಿಂದಿನಿಂದ "ಉತ್ತರ ಕೊಡಪ್ಪಾ" ಅಂದರು. ಅದೇ ಕೆಟ್ಟದ್ದಾಯಿತು. ಸಾಹೇಬರ ಮುಖ ಬಿಗಿಯಿತು. "ಕಾನೂನಿಗೆ ಹೆಂಡ್ತಿ ಇಲ್ಲ. ಹುಡುಗನ್ನ ಬಿಡಿ. ಈಯಮ್ಮ ಗೇಟು ದಾಟೋ ಹಾಗಿಲ್ಲ. ಉತ್ತರ ಬರೋವರೆಗೂ."

ಈಗ ನನ್ನ ಗೇಟಿಗೆ ಹೊರಗಿನಿಂದ ಅಗುಳಿ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಲೊಕ್ವಾ. ನಾಲ್ಕೂ ಕೋಣೆ ನನ್ನವೇ, ಕಾಲಿಡಲು ಜಾಗವಿಲ್ಲದ ಹಾಗಿದೆ. ಜಗಲಿಯಿಂದ ದೋಣಿ ಕಾಣುತ್ತದೆ. ಅದೇ ಹಿಂಸೆ.

ಎಯೆಂಗಾ ಫೋನು ಮಾಡಿದಳು.

"ನಾಳೆ ಹೊರಡ್ತೀಯಲ್ಲಮ್ಮಾ?"

"ಕಾಲು ಎತ್ತರದಲ್ಲಿ ಇಟ್ಟು ಮಲಕ್ಕೋ" ಅಂದೆ.

"ಹೊರಡ್ತೀಯೋ ಇಲ್ವೋ?"

ಲೈನು ಹೋಯಿತು. ಹೋಯಿತೋ, ನಾನೇ ಇಟ್ಟೆನೋ.

ನವೆಂಬರ್ 11, ಶನಿವಾರ. ಬೆಳಿಗ್ಗೆ 7.40

ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಏಳೂವರೆಗೆ ಸೀಟಿ. ಬಾವುಟ ಏರಿತು. ಬೀದಿ ನಿಂತಿತು. ಇವತ್ತು ಬೀದಿಯಲ್ಲಿ ಹೆಂಗಸರೇ ಹೆಚ್ಚು — ನಿನ್ನೆ ಬೆಂಚಿನಲ್ಲಿದ್ದವರೆಲ್ಲ. ಬುಟ್ಟಿ, ಬೋಗುಣಿ, ಬೆನ್ನಿಗೆ ಕಟ್ಟಿದ ಕೂಸು. ಎರಡನೇ ಸೀಟಿ ಆಯಿತು. ಅಂದರೆ ಇನ್ನು ನಡೆಯಬಹುದು.

ಯಾರೂ ನಡೆಯಲಿಲ್ಲ.

ಮತ್ತೆ ಸೀಟಿ ಊದಿದರು. ಇಲ್ಲ. ಬೈಕುಗಳಿಗೆ ದಾರಿಯಿಲ್ಲ, ಅವರೂ ನಿಂತಿದ್ದಾರೆ. ಟೋರ್ಬೆನ್ ಬಾಲೆಕಾಳ ಪಕ್ಕದಲ್ಲಿ ಗೂಟದ ಹಾಗೆ ನೆಟ್ಟಗೆ.

7.55

ಮುಕೆಂಡಿ ಹೊರಗೆ ಬಂದರು. "ಮುಗೀತು, ನಡೀರಿ."

ಬಾಲೆಕಾ ತಲೆ ಅಲುಗಿಸದೆ ಅಂದಳು — "ನಿಂತ್ಕೊಂಡ್ರೂ ತಪ್ಪಾ ಸಾಹೇಬ್ರೆ? ಅಷ್ಟು ಒಳ್ಳೇ ಬಾವುಟ. ಸಾಕಾಗೋವರೆಗೂ ಗೌರವ ಕೊಡ್ತೀವಿ."

8.10

ದೋಣಿ ಹೊರಟಿಲ್ಲ. ಬೊಫೆಂದಾ ಒಂದು ಕಾಲು ಹಲಗೆಯ ಮೇಲೆ, ಒಂದು ಕಾಲು ದಂಡೆಯ ಮೇಲೆ, ಕೈಯಲ್ಲಿ ಬಿಚ್ಚಿದ ಹಗ್ಗ. ಅವನ ಮುಖವೂ ಬಾವುಟದ ಕಡೆಗೆ. ದೋಣಿಯಲ್ಲಿದ್ದವರು ಬಯ್ಯುತ್ತಿಲ್ಲ. ಕೂತವರೂ ಎದ್ದು ನಿಂತಿದ್ದಾರೆ.

ಗಂಟು ತೊಡೆಯ ಮೇಲಿದೆ. ಯಾವಾಗ ತಂದೆನೋ.

8.25

ಮುಕೆಂಡಿ ಒಳಗೆ ಹೋಗಿದ್ದರು. ಈಗ ಬಂದರು. ಕೈಯಲ್ಲಿ ಕಾಗದ, ಬಹುಶಃ ನನ್ನ ಫಾರಂ. ಹೆಂಗಸರ ನಡುವೆ ಜಾಗ ಮಾಡಿಕೊಂಡು ಬೀದಿ ದಾಟುತ್ತಿದ್ದಾರೆ. ಯಾರೂ ಸರಿಯುತ್ತಿಲ್ಲ, ಅವರೇ ಓರೆಯಾಗಿ ನುಸುಳಬೇಕು.

"ಲೊಕ್ವಾ, ತೆಗಿ."

ಲೊಕ್ವಾನೂ ಕದಲುತ್ತಿಲ್ಲ. ಕಣ್ಣು ಬಾವುಟದ ಮೇಲೆ. ಸಾಹೇಬರು ಅಗುಳಿಗೆ ತಾವೇ ಕೈ —