ಹನ್ನೊಂದು ಹೆಜ್ಜೆಯಾಚೆಯ ಗೂಡು

ಅಪರೂಪದ ಪಕ್ಷಿಗಳ ದಾಖಲೆ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಾವಿಗೆ ಕೂತಿದ್ದ ಹಕ್ಕಿಯ ವಿಳಾಸವನ್ನು ನೀವು ಊರಿಗೆಲ್ಲ ಸಾರಿದಿರಿ. ಹಕ್ಕಿ ಓಡಿಹೋಯಿತು, ಮೊಟ್ಟೆಗಳು ಹಾಳಾದವು. ಆಮೇಲೆ 'ಪರಿಶೀಲನೆಯ ವೇಳೆ ಪಕ್ಷಿ ಕಂಡುಬಾರದ ಕಾರಣ ವರದಿಯನ್ನು ತಿರಸ್ಕರಿಸಲಾಗಿದೆ' ಎಂದು ನನಗೇ ಪತ್ರ ಬರೆದಿರಿ. ಈ ಶಿಸ್ತಿಗೆ ಏನೆನ್ನಲಿ? ಮನೆಗೆ ಬೆಂಕಿ ಹಚ್ಚಿ, ಬಾಗಿಲು ತಟ್ಟಿದರೆ ಯಾರೂ ತೆರೆಯಲಿಲ್ಲ ಎಂದು ಷರಾ ಬರೆದಂತಾಯಿತು.

ನಾನು ಕನ್ನಡಕದ ಅಂಗಡಿಯವನು. ಇಪ್ಪತ್ತೆರಡು ವರ್ಷಗಳಿಂದ ರಜೆಯ ದಿನಗಳಲ್ಲಿ ದುರ್ಬೀನು ಹಿಡಿದು ಅಲೆದು ನಿಮಗೆ ವರದಿ ಕಳಿಸುತ್ತ ಬಂದಿದ್ದೇನೆ. ಆದರೆ ಈ ಹಕ್ಕಿಯನ್ನು ಮೊದಲು ಕಂಡವಳು ನನ್ನ ಅಕ್ಕ. ನೀರು ಶುದ್ಧೀಕರಣ ಘಟಕದಲ್ಲಿ ಪಂಪ್ ನೋಡಿಕೊಳ್ಳುವವಳು. ಹಿಂದಿನ ಕೊಳದ ಜೊಂಡಿನಲ್ಲಿ ಏನೋ ಕೂತಿದೆ, ಬಾ ಎಂದು ಕರೆದಳು. ಹೋಗಿ ನೋಡಿದರೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹೆಣ್ಣು ಬಣ್ಣ ತೊಟ್ಟು ಕೂಗುವ, ಗಂಡು ಕಾವು ಕೊಡುವ ಆ ಪುಟ್ಟ ಜೌಗು ಹಕ್ಕಿಯನ್ನು ನಮ್ಮ ಭಾಗದಲ್ಲಿ ನಲವತ್ತು ವರ್ಷಗಳಿಂದ ಯಾರೂ ಕಂಡಿರಲಿಲ್ಲ. ನಾಲ್ಕು ಮೊಟ್ಟೆಗಳ ಮೇಲೆ ಗಂಡು ಮಿಸುಕಾಡದೆ ಕೂತಿತ್ತು.

"ನೋಡೋ, ಈ ಜಾತೀಲಾದ್ರೂ ಗಂಡಸು ಮನೇಲಿ ಕೂತು ಮಕ್ಕಳನ್ನ ನೋಡ್ಕೋತಾನೆ" ಎಂದು ಅಕ್ಕ ನಕ್ಕಳು. ಮರುಗಳಿಗೆ ನನ್ನ ಮುಖ ನೋಡಿ, "ಯಾರಿಗೂ ಹೇಳ್ಬೇಡ. ಮರಿ ಆಗ್ಲಿ, ಆಮೇಲೆ ಊರೆಲ್ಲ ಡಂಗುರ ಸಾರ್ಕೋ" ಎಂದಳು. ಗೂಡಿಗೆ ನೀರು ನುಗ್ಗದಿರಲೆಂದು ಅವಳು ಆಗಲೇ ಆ ಕೊಳದ ವಾಲ್ವ್ ಮುಚ್ಚಿ, ನೀರನ್ನು ಪಕ್ಕದ ಕೊಳಕ್ಕೆ ತಿರುಗಿಸಿದ್ದಳು.

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ತಪ್ಪು ನನ್ನದೂ ಹೌದು, ಒಪ್ಪುತ್ತೇನೆ. ನಲವತ್ತು ವರ್ಷಗಳ ನಂತರದ ಮೊದಲ ದಾಖಲೆಯ ಕೆಳಗೆ ನನ್ನ ಹೆಸರು ಕಾಣುವ ಆಸೆ ಕೂರಗೊಡಲಿಲ್ಲ. ಆದರೂ ಮೊದಲ ವರದಿಯಲ್ಲಿ 'ಊರ ಹೊರಗಿನ ಜೌಗು' ಎಂದಷ್ಟೇ ಬರೆದಿದ್ದೆ. 'ಸ್ಥಳ ಅಸ್ಪಷ್ಟ' ಎಂದು ವಾಪಸು ಕಳಿಸಿದವರು ಯಾರು, ಸ್ವಾಮಿ? ನಿಖರ ಸ್ಥಳ ಕೇಳುವ ನಿಮ್ಮ ನಮೂನೆಯ ಏಳನೇ ಕಲಮಿಗೆ ಹೆದರಿ 'ಮೂರನೇ ವಾಲ್ವಿನಿಂದ ಪೂರ್ವಕ್ಕೆ ಹನ್ನೊಂದು ಹೆಜ್ಜೆ' ಎಂದು ಅಳೆದು ಬರೆದೆ. 'ಗೂಡಿದೆ, ದಯವಿಟ್ಟು ಪ್ರಕಟಿಸಬೇಡಿ' ಎಂದು ಅಡಿಗೆರೆ ಹಾಕಿ ಸೇರಿಸಿದೆ. ಹೆಜ್ಜೆ ಕಂಡ ಕಣ್ಣಿಗೆ ಅಡಿಗೆರೆ ಕಾಣಲಿಲ್ಲವೇ? ಹಾಗಿದ್ದರೆ ನನ್ನ ಅಂಗಡಿಗೇ ಬರಬಹುದಿತ್ತು, ನಾನೇ ಪರೀಕ್ಷೆ ಮಾಡಿ ಕೊಡುತ್ತಿದ್ದೆ.

ಮರುದಿನ ಬೆಳಿಗ್ಗೆ, ಪಕ್ಷಿವೀಕ್ಷಕರಿಗೆಲ್ಲ ನೀವು ದಿನವೂ ಕಳಿಸುವ ಪಟ್ಟಿಯಲ್ಲಿ ಹನ್ನೊಂದು ಹೆಜ್ಜೆಯೂ ಅಚ್ಚಾಗಿತ್ತು. ಮಧ್ಯಾಹ್ನದೊಳಗೆ ಬೇಲಿ ಹಾರಿ ಬಂದವರ ಸಂತೆ ನೆರೆಯಿತು. ಹಕ್ಕಿ ಎದ್ದು ನಿಂತರೆ ಫೋಟೋ ಚೆನ್ನಾಗಿರುತ್ತದೆಂದು ಯಾರೋ ಫೋನಿನಲ್ಲಿ ಹೆಣ್ಣುಹಕ್ಕಿಯ ಕೂಗು ಹಾಕಿದರು. ತನ್ನವಳೇ ಕರೆದಳೆಂದು ಅದು ಎದ್ದು ಹೋಯಿತು. ಜನ ಗೂಡಿನ ಸುತ್ತಲೇ ನಿಂತಿದ್ದರಿಂದ ಹಿಂತಿರುಗಲಾಗಲಿಲ್ಲ. ಪಂಪ್ ಮನೆಯಲ್ಲಿದ್ದ ಅಕ್ಕ ಶಿಫ್ಟ್ ಮುಗಿಸಿ, ಪೊರಕೆ ಹಿಡಿದು ಎಲ್ಲರನ್ನೂ ಅಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಮೂರು ದಿನ ಕಾದೆವು. ತಣ್ಣಗಾದ ಮೊಟ್ಟೆಗಳನ್ನು ನೋಡುತ್ತ ಅಕ್ಕ, "ನಿಂಗೆ ತೋರಿಸ್ಬಾರ್ದಿತ್ತು" ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ನಿಮ್ಮ ಪರಿಶೀಲಕರು ಬಂದದ್ದು ಹನ್ನೆರಡನೆಯ ದಿನ. ಬೂಟು ಕೆಸರಾಗದಂತೆ ಬೇಲಿಯಾಚೆಯೇ ಹತ್ತು ನಿಮಿಷ ನಿಂತು ಹೋದರು.

ನನ್ನ ವರದಿಯನ್ನು ಮಾನ್ಯ ಮಾಡಿ ಎಂದು ಬೇಡುತ್ತಿಲ್ಲ. ಗೂಡು ಕಟ್ಟಿದ ಹಕ್ಕಿಯ ಸ್ಥಳವನ್ನು ಮರಿಗಳು ಗೂಡು ಬಿಡುವವರೆಗೆ ಪ್ರಕಟಿಸಬಾರದೆಂಬ ನಿಯಮವನ್ನು ಈ ತಿಂಗಳೊಳಗೆ ಮಾಡಿ, ಸಹಿ ಹಾಕಿ ಕಳಿಸಿ. ಅದನ್ನು ನಾನು ಮನೆಯಲ್ಲಿ ಒಬ್ಬರಿಗೆ ತೋರಿಸಬೇಕಾಗಿದೆ. ಮೊನ್ನೆ ಊಟಕ್ಕೆ ಕೂತಾಗ, "ಕೊಳದ ಹತ್ರ ಮತ್ತೇನಾದ್ರೂ ಕಂಡ್ಯೇನಕ್ಕಾ?" ಎಂದು ಕೇಳಿದೆ. "ನಂಗೇನು ಗೊತ್ತೋ ಹಕ್ಕಿ ವಿಚಾರ" ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಕಂಡಿಲ್ಲವೋ, ಕಂಡೂ ಹೇಳಲಿಲ್ಲವೋ, ಇನ್ನೊಮ್ಮೆ ಕೇಳಲು ನನಗೆ ಬಾಯಿಲ್ಲ.

ಇಂತಿ,
ನಿಮ್ಮ ನಂಬಿಕಸ್ಥ ವೀಕ್ಷಕರ ಪಟ್ಟಿಯಲ್ಲಿ ಇನ್ನೂ ಹೆಸರಿರುವ,
ಅಕ್ಕನ ನಂಬಿಕೆ ಕಳೆದುಕೊಂಡ ತಮ್ಮ