ಚೆರ್ ಥಾವೊ ತಾತನ ಅರ್ಧಕ್ಕೆ ನಿಂತ ಫೋಟೋ

ಸೇಂಟ್ ಪಾಲ್, ಮಿನೆಸೋಟ
ನವೆಂಬರ್ ೯, ೨೦೧೪, ಭಾನುವಾರ

ಪ್ರೀತಿಯ ಕಿಯಾ, ನನ್ನ ಕೂಸೇ,

ಹೇಗಿದ್ದೀಯೆ? ಭುಜದ ನೋವು ಇಳಿಯಿತೇ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ನಿನ್ನ ಬುದ್ಧಿಯಂತೆ ಕಿತ್ತು ಮೂಲೆಗೆಸೆದಿದ್ದೀಯೋ? ಫ್ರೆಸ್ನೋದಲ್ಲಿ ನಿಮ್ಮ ಸೋದರತ್ತೆ ಹೊಟ್ಟೆಗೆ ಸರಿಯಾಗಿ ಹಾಕುತ್ತಾಳೋ ಇಲ್ಲವೋ ಎಂಬುದೇ ನನಗೆ ಯೋಚನೆ. ಅವಳ ಕೋಳಿ ಸಾರು ನನಗೆ ಗೊತ್ತಿಲ್ಲವೇ? ಕೋಳಿ ಅದರಲ್ಲಿ ಬರೀ ಸ್ನಾನ ಮಾಡಿ ಎದ್ದುಹೋದ ಹಾಗಿರುತ್ತದೆ. ಇಲ್ಲಿ ಆಗಲೇ ಚಳಿ ಮೂಳೆಗೆ ಇಳಿದಿದೆ. ಮಂಡಿ ನನ್ನ ಮಾತು ಕೇಳುತ್ತಿಲ್ಲ. ಅದೊಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಥಾಯ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ನಿಮ್ಮಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಅಕ್ಷರ ಕಲಿತವಳು ನಾನು. ಸೊಟ್ಟಗಿದ್ದರೂ ಕೊನೆಯವರೆಗೆ ಓದು.

ಹೊರಡುವಾಗ ನೀನು, "ಇನ್ನು ಜನ್ಮದಲ್ಲಿ ಕ್ಯಾಮೆರಾ ಮುಟ್ಟಲ್ಲ ಅಜ್ಜಿ, ಅಷ್ಟು ಜನರ ಎದುರಿಗೆ ತಾತನ ಮಾನ ಕಳೆದುಬಿಟ್ಟೆ" ಅಂದೆಯಲ್ಲ, ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿದೆ. ಯಾರ ಮಾನ ಕಳೆದೆ? ಮೂವತ್ತೊಂದು ಮುದುಕರು, ಲಾವೋಸಿನ ಗುಡ್ಡಗಳಲ್ಲಿ ಅಮೆರಿಕದವರ ಪರವಾಗಿ ಹೋರಾಡಿ ಯಾರ ಲೆಕ್ಕಕ್ಕೂ ಸಿಗದೆ ಹೋದವರು, ಈ ಬೇಸಿಗೆಯೆಲ್ಲ ಮದುವೆ ಗಂಡಿನ ಹಾಗೆ ಮೀಸೆ ತೀಡಿಕೊಂಡು ಓಡಾಡಿದ್ದು ಯಾರಿಂದ? ಅವರ ಫೋಟೋ ತೆಗೆಯಲು ಹೊರಟ ನಿನ್ನಿಂದ ತಾನೇ? ಸೈನ್ಯದ ಆ ಒಂದೇ ಒಂದು ಹಸಿರು ಕೋಟು ಎಷ್ಟು ಮೈಗಳನ್ನು ಹತ್ತಿ ಇಳಿಯಿತು ಅಂತ ನೆನಪಿದೆಯಾ? ವಾ ಲೆಂಗ್ ಅಜ್ಜನಿಗೆ ಗುಂಡಿಯೇ ಹಾಕಲಾಗಲಿಲ್ಲ. "ಹೊಟ್ಟೆ ಬಿಟ್ಟು ತೆಗಿಯಮ್ಮ, ಯುದ್ಧದಾಗೆ ಇದು ನನ್ ಜೊತೆ ಇರ್ಲಿಲ್ಲ!" ಅಂತ ಉಸಿರು ಬಿಗಿಹಿಡಿದು ನಿಂತಿದ್ದನಲ್ಲ. ನೀನು ನಕ್ಕು ನಕ್ಕು ಕ್ಯಾಮೆರಾ ಅಲ್ಲಾಡಿಸಿಬಿಟ್ಟೆ. "ಚೆನ್ನಾಗಿ ಬರ್ಲಿ, ನೂರಿಪ್ಪತ್ತು ವರ್ಷ ತುಂಬಿದ ಮೇಲೆ ನನ್ ತಲೆ ಹತ್ರ ಇಡೋಕೆ ಬೇಕು" ಅಂತಲೂ ಅಂದ. ನಮ್ಮಲ್ಲಿ ಹಿರಿಯರ ಎದುರಿಗೆ ಸಾವಿನ ಹೆಸರೆತ್ತುವುದುಂಟೇ? ನೂರಿಪ್ಪತ್ತು ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ನಿಮ್ಮ ತಾತನನ್ನು ನೀನು ಕೊನೆಗಿಟ್ಟುಕೊಂಡಿದ್ದೆ, ಸ್ವಂತ ತಾತ ಅಂತ ನಿಧಾನವಾಗಿ ತೆಗೆಯೋಣವೆಂದು. ಫೋಟೋಗೆ ಬೆಳಕು ಬಿಡುವ ಆ ದೊಡ್ಡ ದೀಪ ಢಂ ಎಂದು ಒಡೆದದ್ದು ನಿನ್ನ ತಪ್ಪಲ್ಲ ಕೂಸೇ. ಬಲ್ಬು ಒಡೆಯುತ್ತದೆ, ಅದಕ್ಕೇನು ನೆಂಟಸ್ತಿಕೆ ಗೊತ್ತೇ? ಬೆಳ್ಳಗೆ ಬೆಳಕು ಚಿಮ್ಮಿದ್ದೇ ತಡ, ಎರಡು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲುವ ಮನುಷ್ಯ ಕುರ್ಚಿಯಿಂದ ಹಾರಿ, ನಿನ್ನನ್ನು ನೆಲಕ್ಕೆ ಕೆಡವಿ, ಮೇಲೆ ಕವುಚಿ ಮಲಗಿಬಿಟ್ಟರು. ಕ್ಯಾಮೆರಾ ಚೂರಾಯಿತು, ನಿನ್ನ ಭುಜ ಕಳಚಿತು. ನಾಲ್ಕು ಜನ ಸೇರಿ ಅವರನ್ನು ಎಳೆದು ಎಬ್ಬಿಸಬೇಕಾಯಿತು. ನಿನ್ನನ್ನು ಮಲಗಿಸಿಕೊಂಡೇ ಆಂಬುಲೆನ್ಸಿಗೆ ಸಾಗಿಸಿದರು. ಅಲ್ಲಿ ಒಬ್ಬನೂ ನಗಲಿಲ್ಲ. ನೀನು ಅಳುತ್ತಿದ್ದೆ, ಅದಕ್ಕೇ ಆ ಮುದುಕರ ಮುಖ ನೋಡಲಿಲ್ಲ.

ಈಗ ಹೇಳುವುದನ್ನು ನನಗೂ ನಿಮ್ಮ ತಾತ ಹೋದ ವಾರವಷ್ಟೇ ಹೇಳಿದರು. ನಲವತ್ತೆಂಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳಿಗೆ! ಅವರಿಗೊಬ್ಬಳು ತಂಗಿಯಿದ್ದಳಂತೆ, ಮೀ ಅಂತ, ಆರು ವರ್ಷದವಳು. ಇವರಿಗೆ ಆಗ ಹದಿನೈದು. ಸೈನ್ಯ ಸೇರಿ ಎರಡು ತಿಂಗಳಾಗಿತ್ತು, ಅಮ್ಮನನ್ನು ನೋಡಲು ಮನೆಗೆ ಬಂದಿದ್ದರು. ಅಣ್ಣ ತಂಗಿ ಗದ್ದೆಯಿಂದ ಸೌತೆಕಾಯಿ ಹೊತ್ತು ತರುವಾಗ ಎದುರಿನ ದಿಬ್ಬಕ್ಕೆ ಶೆಲ್ಲು ಬಿತ್ತು. "ಎರಡು ತಿಂಗ್ಳು ಅದನ್ನೇ ಕಲಿಸಿದ್ರಲ್ಲ, ಬೆಳಕು ಕಂಡ ತಕ್ಷಣ ಹಳ್ಳಕ್ಕೆ ಹಾರು ಅಂತ. ಹಾರ್ದೆ ಕಣೇ. ನಾನೊಬ್ನೇ ಹಾರ್ದೆ, ತಲೆ ಎತ್ತಿ ನೋಡೋ ಹೊತ್ತಿಗೆ ಅವಳು ಉಳಿದಿರ್ಲಿಲ್ಲ. ಅವಳ ಕೈ ಹಿಡ್ಕೋಬೇಕು ಅಂತ ಯಾರೂ ಕಲಿಸಿರ್ಲಿಲ್ಲ" ಅಂದರು. ಆಮೇಲೆ, "ಈ ಸಲ ತಡ ಮಾಡ್ಲಿಲ್ಲ, ಅಲ್ವಾ?" ಅಂತ ಕೇಳಿದರು. ನಾನು ಇಲ್ಲ, ತಡ ಮಾಡಲಿಲ್ಲ ಅಂದೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ ಕಣೇ, ನಿನ್ನ ಹತ್ತಿರ ಸುಳ್ಳು ಯಾಕೆ?

ಆದರೆ ದೀಪ ಒಡೆದ ದಿನದಿಂದ ಅವರು ಸರಿಯಿಲ್ಲ. ಎರಡು ತುತ್ತು ಅನ್ನಕ್ಕೆ ಮೇಲೇಳುತ್ತಾರೆ. ಸೊಂಟದ ಪಟ್ಟಿಗೆ ಹೊಸದಾಗಿ ತೂತು ಕೊರೆದುಕೊಟ್ಟೆ. ಹಗಲಿಡೀ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ಕರೆದರೆ ಯಾರನ್ನೋ ಕರೆದ ಹಾಗೆ ನೋಡುತ್ತಾರೆ. ಆಸ್ಪತ್ರೆಯವರು ರಕ್ತ ತೆಗೆದರು, ಎಲ್ಲ ಚೆನ್ನಾಗಿದೆ ಎಂದರು. ರಕ್ತ ಚೆನ್ನಾಗಿದ್ದರೆ ಏನು ಬಂತು, ಬೆಚ್ಚಿದ ಜೀವ ಮೈಬಿಟ್ಟು ಎಲ್ಲೋ ನಿಂತಿದೆ ಅಂತ ನನಗೆ ಮೊದಲ ದಿನವೇ ಗೊತ್ತಾಯಿತು. ವಾ ಲೆಂಗ್ ಅಜ್ಜನೇ ಬಂದು ಮನೆಬಾಗಿಲಲ್ಲಿ ಅಕ್ಕಿ, ಮೊಟ್ಟೆ, ಊದುಬತ್ತಿ ಇಟ್ಟು ಜೀವ ಕರೆದ. ಕೋಳಿ ಬೇಯಿಸಿ ಕಾಲು ನೋಡಿದರೆ ಬೆರಳುಗಳೆಲ್ಲ ಒಂದೊಂದು ದಿಕ್ಕಿಗೆ, ಅಂದರೆ ಜೀವ ಬಂದಿಲ್ಲ. ಆಮೇಲೆ ಬೆಚ್ಚಿದ ಜಾಗದಲ್ಲೇ ಕರೆಯಬೇಕಿತ್ತು ಅಂತ ನೆನಪಾಗಿ ಫೋಟೋ ತೆಗೆದ ಹಾಲಿಗೆ ಹೋದೆವು. ಊದುಬತ್ತಿ ಹೊಗೆಗೆ ಗೋಡೆಯ ಮೇಲಿನ ಬೆಂಕಿ ಗಂಟೆ ಬಡಿದುಕೊಂಡು, ಕಾವಲುಗಾರ ಓಡಿಬಂದ. ವಾ ಲೆಂಗ್ ಅವನ ಕೈಗೇ ಮೊಟ್ಟೆ ಕೊಟ್ಟು ನಿಲ್ಲಿಸಿದ! ಆದರೂ ಎರಡನೇ ಕೋಳಿಯೂ ಅದೇ ಹೇಳಿತು.

ನಮ್ಮ ಜನರ ಹೊಸವರ್ಷದ ಹಬ್ಬಕ್ಕೆ ಇನ್ನು ಮೂರು ವಾರವೂ ಇಲ್ಲ. ಮೂವತ್ತು ಪಟಗಳು ಕಟ್ಟು ಹಾಕಿಸಿಕೊಂಡು ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿವೆ. ಮುದುಕರು ಒಂದನ್ನೂ ಮೊಳೆಗೆ ಹಾಕಲು ಬಿಡುತ್ತಿಲ್ಲ. ಚೆರ್ ಥಾವೊನ ಪಟ ಬರಲಿ, ಆಮೇಲೆ ನಮ್ಮದು ಅನ್ನುತ್ತಾರೆ. ಪಟ ಹಾಳಾಗಿ ಹೋಗಲಿ, ನನಗೆ ನಿಮ್ಮ ತಾತ ಬೇಕು. ಅವರಿಲ್ಲದ ಮನೆಯಲ್ಲಿ ನಾನು ಯಾರನ್ನು ಬೈಯಲಿ?

ಇದರೊಳಗೆ ಬಿಳಿ ದಾರ ಇಟ್ಟಿದ್ದೇನೆ. ಅತ್ತೆಯ ಕೈಲಿ ಎಡಗೈಗೆ ಕಟ್ಟಿಸಿಕೋ. ನಿನ್ನ ಜೀವ ನಿನ್ನ ಮೈಯಲ್ಲೇ ಗಟ್ಟಿಯಾಗಿ ನಿಲ್ಲಲಿ, ಕಲ್ಲು ಎಡವಿದರೂ ಬೀಳದಿರು, ಹೋದಲ್ಲೆಲ್ಲ ಬಿಸಿ ಅನ್ನ ಸಿಗಲಿ. ಅತ್ತೆಗೆ ನಾನು ಕೇಳಿದೆನೆಂದು ಹೇಳು. ಸಾರಿನ ವಿಷಯ ಹೇಳಬೇಡ.

ನಿನ್ನನ್ನು ಎತ್ತಿ ಆಡಿಸಿದ
ಅಜ್ಜಿ ಯೌವಾ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ವಾ ಲೆಂಗ್ ಏದುಸಿರು ಬಿಡುತ್ತಾ ಬಂದ, ಮತ್ತೆ ಬಿಚ್ಚಿದೆ. ಅವನಿಗೆ ಈಗ ನೆನಪಾಯಿತಂತೆ. ನಿನ್ನ ಮೇಲೆ ಮಲಗಿದ್ದಾಗ ನಿಮ್ಮ ತಾತ ನಿನ್ನ ಕಿವಿಯಲ್ಲಿ "ಏಳ್ಬೇಡ, ನಾ ಹೇಳೋ ತನಕ ಏಳ್ಬೇಡ" ಅನ್ನುತ್ತಿದ್ದರಂತೆ. "ನಾವು ಅವನನ್ನ ಎಳೆದು ಎಬ್ಬಿಸಿಬಿಟ್ವಿ ಅತ್ಗೆ, ಅವನು ಏಳು ಅನ್ನಲೇ ಇಲ್ಲ. ನಮ್ ಸೈನ್ಯದಾಗೆ ಮಲಗು ಅಂದವನೇ ಏಳು ಅನ್ಬೇಕು. ಅವನ ಜೀವ ಎಲ್ಲೂ ಹೋಗಿಲ್ಲ, ಆ ನೆಲದ ಮೇಲೆ ಹುಡುಗೀನ ಕಾಯ್ತಾ ಮಲಗಿದೆ" ಅಂದ. ಅವನ ಮಾತು ನಿಜವೇ ಕಣೇ. ಯಾಕೆಂದರೆ ಹದಿನೈದು ದಿನದಿಂದ ನಿಮ್ಮ ತಾತ ಬೆಳಗ್ಗೆ ಎದ್ದ ಕೂಡಲೇ ನನ್ನನ್ನು ಕೇಳುವುದು ಒಂದೇ ಮಾತು: "ಹುಡುಗಿ ಇನ್ನೂ ಮಲಗಿದ್ದಾಳಾ?" ಮುದಿತನದ ಮರುಳು ಅಂದುಕೊಂಡು, ಹೂಂ, ಮಲಗಿದ್ದಾಳೆ ಅನ್ನುತ್ತಿದ್ದೆ. ಬಾ ಕೂಸೇ. ಕ್ಯಾಮೆರಾ ತಂದರೆ ತಾ, ಬಿಟ್ಟರೆ ಬಿಡು. ಆ ಹಾಲಿನ ನೆಲದ ಮೇಲೆ ಒಂದು ನಿಮಿಷ ಮಲಗು, ಅವರು ಏಳು ಅನ್ನಲಿ.